ಬಿಸಿಲು ಬಿದ್ದ ದಿನವೇ ಹುಷಾರು

ಮಗಾ, ಜನವರಿಯಲ್ಲಿ ಗೆಳೆಯರ ಜೊತೆ ಹಿಮಾಚಲಕ್ಕೆ ಟ್ರೆಕ್ಕಿಂಗ್ ಹೊರಟಿದ್ದೀಯಂತೆ, ನಿಮ್ಮವ್ವ ಹೇಳಿದಳು. ನಮ್ಮ ಸೆಟ್ಟೂರಿನವರು ಕಂಡ ಹಿಮ ಅಂದ್ರೆ ಆಲಿಕಲ್ಲು ಅಷ್ಟೇ. ನಾನು ಮಿಲಿಟ್ರಿಯಲ್ಲಿ ನಾಲ್ಕು ಚಳಿಗಾಲ ಹಿಮಾಚಲದಲ್ಲೇ ಕಳೆದವನು, ಹಿಮಕುಸಿತದ ಬಗ್ಗೆ ಹೇಳ್ತೀನಿ, ಕೇಳು.

• ಹಿಮ ಒಂದೇ ಮುದ್ದೆಯಲ್ಲ. ಒಂದೊಂದು ಸಲ ಬಿದ್ದದ್ದು ಒಂದೊಂದು ಪದರ. ಬಗೆದು ಅಡಿಯ ಪದರವನ್ನು ಹಿಡಿಯಲ್ಲಿ ಅದುಮಿ ನೋಡು. ಉಂಡೆ ಕಟ್ಟದೆ ಸಕ್ಕರೆಯ ಹಾಗೆ ಬೆರಳ ಸಂದಿಯಿಂದ ಸುರಿದರೆ, ಮೇಲೆ ಎಷ್ಟೇ ಗಟ್ಟಿಯಿದ್ದರೂ ನಂಬಬೇಡ. ಕಡ್ಲೆಕಾಯಿ ರಾಶಿಯ ಮೇಲೆ ಹಲಗೆ ಹಾಕಿ ನಿಂತ ಹಾಗದು.

• ಎರಡು ದಿನ ಹಿಮ ಸುರಿದು ಮೂರನೇ ದಿನ ಆಕಾಶ ತೊಳೆದಂತಾಗುತ್ತದೆ. ಫೋಟೊಗೆ ಅದೇ ದಿನ ಎಲ್ಲರೂ ಓಡುತ್ತಾರೆ. ನಮ್ಮ ಹಳೇ ಬಾವಿಯ ದಡ ಮಳೆ ನಿಂತ ಮೇಲೆ ಕುಸಿದದ್ದು ನೆನಪಿದೆಯಾ? ಹಿಮವೂ ಹಾಗೇ, ಒಂದು ದಿನವಾದರೂ ಕಾಯಿರಿ.

• ಗಾಳಿ ಯಾವ ಕಡೆಯಿಂದ ಬೀಸಿತು ಅಂತ ಕೇಳು. ಕಣದಲ್ಲಿ ತೂರುವಾಗ ಹೊಟ್ಟು ಆಚೆ ಹೋಗಿ ಗುಡ್ಡೆ ಬೀಳುತ್ತದಲ್ಲ, ಹಾಗೇ ಹಿಮವೂ ಶಿಖರದ ಗಾಳಿಮರೆಗೆ ಬಂದು ತುಂಬಿಕೊಳ್ಳುತ್ತದೆ. ಅಲ್ಲಿ ಸೂರಿನಂತೆ ಚಾಚಿದ್ದರ ಮೇಲೂ ಬೇಡ, ಕೆಳಗೂ ಬೇಡ.

• 30ರಿಂದ 45 ಡಿಗ್ರಿ ಇಳಿಜಾರೇ ಹೆಚ್ಚು ಜಾರುವುದು. ಅಳೆಯಲು ಸಮ ಉದ್ದದ ಎರಡು ಕೋಲು ಸಾಕು. ಒಂದನ್ನು ಇಳಿಜಾರಿಗೆ ತಾಗಿಸಿ ಮಟ್ಟವಾಗಿ ಹಿಡಿ, ಅದರ ಹೊರತುದಿಯಿಂದ ಇನ್ನೊಂದನ್ನು ನೆಟ್ಟಗೆ ಇಳಿಬಿಡು. ಅರ್ಧಕ್ಕಿಂತ ತುಸು ಹೆಚ್ಚು ಇಳಿದು ನೆಲ ಮುಟ್ಟಿತೋ, ಅಪಾಯ ಅಲ್ಲಿಂದಲೇ ಶುರು.

• ಕಾಲಿಟ್ಟಾಗ ಒಳಗಿನಿಂದ ‘ದುಮ್’ ಅಂದರೆ, ಪಾದದ ಮುಂದೆ ಬಿರುಕು ಓಡಿದರೆ, ಮಾತಿಲ್ಲದೆ ಬಂದ ದಾರಿಯಲ್ಲೇ ಹಿಂದಕ್ಕೆ ಬಾ.

• ಇಳಿಜಾರು ದಾಟುವಾಗ ಒಬ್ಬೊಬ್ಬರೇ, ಉಳಿದವರ ಕಣ್ಣು ಅವನ ಮೇಲೆ. ಬೀಕನ್ ಅನ್ನುವ ಸಂಕೇತ ಯಂತ್ರ, ಸಲಿಕೆ, ಹುಡುಕುವ ಕಡ್ಡಿ ಪ್ರತಿಯೊಬ್ಬರ ಹತ್ತಿರವೂ ಇರಲಿ. ಹೂತವನನ್ನು ಕಾಲು ಗಂಟೆಯೊಳಗೆ ತೆಗೆದರೆ ಹೆಚ್ಚಾಗಿ ಉಳಿಯುತ್ತಾನೆ. ಅರ್ಧ ಗಂಟೆ ದಾಟಿದರೆ ಕಷ್ಟ.

• ಧಾರವಾಡ ಜಿಲ್ಲೆ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಹಿಮದಡಿಯಲ್ಲಿ ಆರು ದಿನ ಬದುಕಿದ್ದನಲ್ಲ ಅಂತ ಯಾರಾದರೂ ಹೇಳಬಹುದು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, 19,600 ಅಡಿ ಮೇಲೆ, ಹತ್ತು ಜನ ಹಿಮದಡಿ ಸಿಕ್ಕಿದರು. ಉಸಿರಿದ್ದದ್ದು ಅವನೊಬ್ಬನಿಗೆ. ಅವನೂ 11ರಂದು ದೆಹಲಿ ಆಸ್ಪತ್ರೆಯಲ್ಲಿ ಹೋದ. ಆ ಸುದ್ದಿ ಟಿವಿಯಲ್ಲಿ ಬಂದಾಗ ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

• ಹೊರಡುವ ಮುಂಚೆ ಚಂಡೀಗಢದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಜಿಆರ್‌ಇಯವರ ಹಿಮಕುಸಿತ ಮುನ್ಸೂಚನೆ ನೋಡು. ಅಲ್ಲಿನ ಕುರಿಗಾಹಿಯನ್ನೂ ಕೇಳು, ಯಾವ ಕೊರಕಲಿನಲ್ಲಿ ವರ್ಷವೂ ಹಿಮ ಕುಸಿಯುತ್ತದೆ ಅಂತ ಅವನಿಗೆ ಗೊತ್ತಿರುತ್ತದೆ.

• ‘ದುಡ್ಡು ಕಟ್ಟಿದ್ದೀವಿ, ಇನ್ನೊಂದು ಗಂಟೆ ಅಷ್ಟೇ’ ಅನ್ನುವವನೊಬ್ಬ ಪ್ರತಿ ತಂಡದಲ್ಲೂ ಇರುತ್ತಾನೆ. ಆ ದುಡ್ಡು ನಾನು ಕೊಡ್ತೀನಿ ಅಂತ ಅವನಿಗೆ ಹೇಳು.