ಮನೆಯಲ್ಲಿಡುವ ವಿಸ್ಕಿ: ಮಾಡಬೇಕಾದ್ದು, ಮಾಡಬಾರದ್ದು

ಮೂಡಿಗೆರೆ, ಕಳಸ, ಬಣಕಲ್, ಬಾಳೂರು, ಗೋಣಿಬೀಡು ಸುತ್ತಿನ ಮನೆಗಳಿಗೆ. ಕೈಗೆಟುಕುವ ಬೆಲೆಯ ಬ್ಲೆಂಡೆಡ್ ವಿಸ್ಕಿ ತಂದಿಡುವವರು ಅಂಗಡಿಗೆ ಹೋಗುವ ಮೊದಲು ಓದಿ. 21 ವರ್ಷ ತುಂಬದವರು ಕೊಳ್ಳುವಂತಿಲ್ಲ. ಕುಡಿಯುವ ಅಭ್ಯಾಸ ಇಲ್ಲದವರು ಶುರು ಮಾಡುವುದು ಬೇಡ.

ಪರಿಣಾಮ ಒಮ್ಮೆ ಹೇಳುತ್ತೇವೆ. ಮೂಲ ಗೊತ್ತಿಲ್ಲದ ಮದ್ಯದಲ್ಲಿ ಮೆಥನಾಲ್ ಇರಬಹುದು. ನೋಡಿದರೆ ತಿಳಿಯುವುದಿಲ್ಲ, ನಾಲಿಗೆಗೂ ಸಿಗುವುದಿಲ್ಲ. ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗುತ್ತದೆ. ಮೊದಲು ಕಣ್ಣು ಹೋಗುತ್ತದೆ, ಆಮೇಲೆ ಪ್ರಾಣ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯಕ್ಕೆ 300ಕ್ಕೂ ಹೆಚ್ಚು ಜನ ಸತ್ತರು. ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ಕ್ಕೆ. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಹಾಗೂ ಗಡಿಯಾಚೆಯ ಕೃಷ್ಣಗಿರಿಯಲ್ಲಿ 150ಕ್ಕೂ ಹೆಚ್ಚು ಜನ ಕಳ್ಳಮದ್ಯಕ್ಕೆ ಬಲಿಯಾದರು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ 60ಕ್ಕೂ ಹೆಚ್ಚು. ಅಗ್ಗದ ವಿಸ್ಕಿ ಕೊಳ್ಳಬಹುದು. ಸೀಲ್ ಇಲ್ಲದ್ದು, ಅಂಗಡಿಯ ಗುರುತಿಲ್ಲದ್ದು ಮನೆಯೊಳಗೆ ಬರಕೂಡದು.

ಸೀಲ್ ಇರುವ ವಿಸ್ಕಿಯೂ ನಿರಪಾಯವಲ್ಲ. ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಆದ್ದರಿಂದ ಕೆಳಗಿನ ಪ್ರತಿ ಸಾಲೂ ಕಡಿಮೆ ಕುಡಿಯುವವರಿಗಾಗಿ ಬರೆದದ್ದು.

ಮಾಡಬೇಕಾದ್ದು

*ಕೊಳ್ಳುವಾಗ*

• ಪರವಾನಗಿ ಇರುವ ವೈನ್ ಶಾಪ್ ಅಥವಾ ಎಂಎಸ್‌ಐಎಲ್ ಮಳಿಗೆಯಲ್ಲೇ ಕೊಳ್ಳಿ. ಅಲ್ಲಿನ ಸರಕು ರಾಜ್ಯ ಪಾನೀಯ ನಿಗಮದ ಡಿಪೋದಿಂದ ಬಂದಿರುತ್ತದೆ.

• ತಿಂಗಳಿಗೆ ಎಷ್ಟು ದುಡ್ಡು ಎಂದು ಮೊದಲೇ ಗೊತ್ತು ಮಾಡಿ. ರೇಷನ್, ಶಾಲೆ ಫೀಸು, ಸಂಘದ ಕಂತು ಎತ್ತಿಟ್ಟ ಮೇಲೆ ಉಳಿದದ್ದರಲ್ಲಿ ಮಾತ್ರ.

• ಲೇಬಲ್ ಮೇಲಿನ ಎಂಆರ್‌ಪಿ ಓದಿ, ಅಷ್ಟೇ ಕೊಡಿ.

• ಬಿಲ್ ಕೇಳಿ ಪಡೆಯಿರಿ.

• ಮುಚ್ಚಳದ ಮೇಲೆ ಕರ್ನಾಟಕ ಅಬಕಾರಿಯ ಚೀಟಿ ಇದೆಯೇ ನೋಡಿ. ಹರಿದಿದ್ದರೆ, ಎಬ್ಬಿಸಿ ಮತ್ತೆ ಅಂಟಿಸಿದಂತಿದ್ದರೆ ವಾಪಸ್ ಕೊಡಿ.

• ಮುಚ್ಚಳದ ಕೆಳಗಿನ ಉಂಗುರ ಬಿಟ್ಟಿಲ್ಲ ಎಂದು ಖಚಿತ ಮಾಡಿಕೊಳ್ಳಿ.

• ಬಾಟಲಿಯನ್ನು ಬೆಳಕಿಗೆ ಹಿಡಿದು ತಲೆಕೆಳಗು ಮಾಡಿ. ಸೋರಿದರೆ, ಕಸ ತೇಲಿದರೆ ಬೇರೆ ಕೇಳಿ.

• ಹೊಸ ಬ್ರಾಂಡ್ ಆದರೆ ಮೊದಲು 180 ಎಂಎಲ್ ತನ್ನಿ. ಇಷ್ಟವಾಗದಿದ್ದರೆ ನಷ್ಟ ಅಷ್ಟಕ್ಕೇ ನಿಲ್ಲುತ್ತದೆ.

• 100 ಎಂಎಲ್‌ಗೆ ಎಷ್ಟು ಬಿತ್ತು ಎಂದು ಲೆಕ್ಕ ಹಾಕಿ ಹೋಲಿಸಿ. ಡಬ್ಬಿಯ ಚೆಂದಕ್ಕೆ ದುಡ್ಡು ಹೋಗುವುದು ಆಗ ಕಾಣುತ್ತದೆ.

*ಲೇಬಲ್ ಓದುವಾಗ*

• ಶೇಕಡಾ ಎಷ್ಟು ಆಲ್ಕೋಹಾಲ್ ಎಂದು ನೋಡಿ. ಇಲ್ಲಿನ ಬ್ಲೆಂಡ್‌ಗಳಲ್ಲಿ ಸಾಮಾನ್ಯವಾಗಿ 42.8, ಹಳೆಯ ಲೆಕ್ಕದಲ್ಲಿ 75 ಪ್ರೂಫ್.

• ತಯಾರಕರ ಹೆಸರು, ಊರು, ಬ್ಯಾಚ್ ನಂಬರ್, ತಯಾರಾದ ತಿಂಗಳು ಹುಡುಕಿ. ಒಂದು ಇಲ್ಲದಿದ್ದರೂ ಬಿಟ್ಟುಬಿಡಿ.

• ‘ಕುಡಿದು ವಾಹನ ಓಡಿಸಬೇಡಿ’ ಎಂಬ ಅರ್ಥದ ಎಚ್ಚರಿಕೆ ಇದೆಯೇ ನೋಡಿ. 2019ರ ಏಪ್ರಿಲ್‌ನಿಂದ ಅದು ಕಡ್ಡಾಯ.

• ಭಾರತೀಯ ಬ್ಲೆಂಡ್ ಯಾವುದು, ಸ್ಕಾಚ್ ಯಾವುದು ಎಂದು ಬೇರ್ಪಡಿಸಿ. ಮೆಕ್‌ಡೊವೆಲ್ಸ್ ನಂ. 1, ರಾಯಲ್ ಸ್ಟ್ಯಾಗ್, ಸಿಗ್ನೇಚರ್, ಬ್ಲೆಂಡರ್ಸ್ ಪ್ರೈಡ್ ಮೊದಲ ಸಾಲಿನವು. ಟೀಚರ್ಸ್, ವ್ಯಾಟ್ 69, ಬ್ಲ್ಯಾಕ್ ಅಂಡ್ ವೈಟ್, 100 ಪೈಪರ್ಸ್ ಎರಡನೆಯವು.

• ಭಾರತೀಯ ಬ್ಲೆಂಡ್‌ನ ಹುರುಳು ತಿಳಿದು ಬೆಲೆ ಕೊಡಿ. ಕಡಿಮೆ ಬೆಲೆಯದರಲ್ಲಿ ಬಹುಪಾಲು ಕಬ್ಬಿನ ಕಾಕಂಬಿ ಅಥವಾ ಧಾನ್ಯದಿಂದ ಬಟ್ಟಿ ಇಳಿಸಿದ ನ್ಯೂಟ್ರಲ್ ಸ್ಪಿರಿಟ್. ರುಚಿ ಕೊಡುವ ಮಾಲ್ಟ್ ಅದಕ್ಕೆ ಬೆರೆತ ಸಣ್ಣ ಪಾಲು.

• ‘ಸ್ಕಾಚ್ ವಿಸ್ಕಿ’ ಎಂದೇ ಬರೆದಿದೆಯೇ ನೋಡಿ. ಹಾಗಿದ್ದರೆ ಅದು ಸ್ಕಾಟ್ಲೆಂಡ್‌ನಲ್ಲೇ ಬಟ್ಟಿಯಾಗಿ, ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಕಳೆದಿರಬೇಕು. ಭಾರತದಲ್ಲಿ ಬಾಟಲಿಗೆ ತುಂಬಿದ್ದು ಎಂದಿದ್ದರೂ ಅಸಲಿಯೇ.

• ವರ್ಷದ ಸಂಖ್ಯೆ ಇದ್ದರೆ ಅದನ್ನು ಬ್ಲೆಂಡ್‌ನಲ್ಲಿರುವ ಅತಿ ಎಳೆಯ ವಿಸ್ಕಿಯ ವಯಸ್ಸೆಂದು ಓದಿ.

*ಮನೆಯಲ್ಲಿಡುವಾಗ*

• ಬೀಗ ಹಾಕುವ ಬೀರುವಿನಲ್ಲಿಡಿ.

• ಬೀಗದ ಕೈ ಮಕ್ಕಳಿಗೆ ಸಿಗದ ಕಡೆ ಇಡಿ.

• ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ. ಮಲಗಿಸಿದರೆ ಸ್ಪಿರಿಟ್ ಕಾರ್ಕನ್ನು ತಿನ್ನುತ್ತದೆ.

• ಬಿಸಿಲು ಬೀಳದ, ಗೋಡೆಯ ಥಂಡಿ ತಾಗದ ಜಾಗ ಆರಿಸಿ. ನಮ್ಮ ಮಳೆಗಾಲದಲ್ಲಿ ಲೇಬಲ್ ಬೂಸಲು ಹಿಡಿದು ಕಳಚುತ್ತದೆ. ಬ್ಯಾಚ್ ನಂಬರ್ ಅದರ ಜೊತೆ ಹೋಗುತ್ತದೆ.

• ಮಳೆಗಾಲಕ್ಕೆ ಮುಂಚೆ ಲೇಬಲ್‌ನ ಫೋಟೋ ತೆಗೆದಿಡಿ.

• ತೆರೆದ ದಿನಾಂಕವನ್ನು ಬಾಟಲಿ ಮೇಲೆ ಬರೆಯಿರಿ.

• ಪ್ರತಿ ಸಲ ಮುಚ್ಚಳ ಬಿಗಿಯಾಗಿ ಹಾಕಿ. ಗಾಳಿಯಾಡಿದರೆ ರುಚಿ ಸಪ್ಪೆಯಾಗುತ್ತದೆ.

*ಸುರಿಯುವಾಗ*

• ಅಳತೆಯ ಲೋಟ ಬಳಸಿ. ಸ್ಮಾಲ್ 30 ಎಂಎಲ್, ಲಾರ್ಜ್ 60. ಪೂರ್ಣ ಬಾಟಲಿಯಲ್ಲಿ ಹನ್ನೆರಡೂವರೆ ಲಾರ್ಜ್ ಮಾತ್ರ.

• ಊಟ ಮಾಡಿ, ಅಥವಾ ಊಟದ ಜೊತೆ ಕುಡಿಯಿರಿ.

• ಪಕ್ಕದಲ್ಲಿ ನೀರಿಟ್ಟುಕೊಳ್ಳಿ.

• ಹೊತ್ತಿನ ಲೆಕ್ಕ ಇಡಿ. ಒಂದು ಲಾರ್ಜ್‌ನಲ್ಲಿ ಸುಮಾರು 20 ಗ್ರಾಂ ಆಲ್ಕೋಹಾಲ್. ಯಕೃತ್ತಿಗೆ ಅದನ್ನು ಕಳೆಯಲು 2ರಿಂದ 3 ಗಂಟೆ ಬೇಕು. ಒಂದು ಕ್ವಾರ್ಟರ್‌ಗೆ 6ರಿಂದ 9 ಗಂಟೆ.

• ವಾರದಲ್ಲಿ ಹೆಚ್ಚಿನ ದಿನ ಬೀರು ತೆರೆಯದೆ ಬಿಡಿ.

• ನೆಂಟರು ಬೇಡ ಎಂದರೆ ಅಲ್ಲಿಗೇ ನಿಲ್ಲಿಸಿ.

ಮಾಡಬಾರದ್ದು

*ಕೊಳ್ಳುವಾಗ*

• ಗೂಡಂಗಡಿ, ಕಿರಾಣಿ ಅಂಗಡಿ, ಹೋಟೆಲಿನ ಹಿಂಬಾಗಿಲಿನಿಂದ ತರುವುದು ಬೇಡ.

• ಬಿಡಿಯಾಗಿ ಅಳೆದು ಕೊಡುವುದನ್ನು, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದ್ದನ್ನು ಮುಟ್ಟುವುದೇ ಬೇಡ.

• ‘ಮಿಲಿಟರಿ ಮಾಲು’ ಎಂದು ಕೈಯಿಂದ ಕೈಗೆ ಬಂದದ್ದನ್ನು ಕೊಳ್ಳಬಾರದು. ಕ್ಯಾಂಟೀನ್ ಸರಕು ಮರುಮಾರಾಟಕ್ಕಲ್ಲ. ಆ ಹೆಸರಿನಲ್ಲಿ ನಕಲಿಯೂ ಓಡಾಡುತ್ತದೆ.

• ಗೋವಾದಿಂದ ಪರವಾನಗಿ ಇಲ್ಲದೆ ಬಂದ ಬಾಟಲಿ ಬೇಡ.

• ಚುನಾವಣೆ ಹೊತ್ತಿನಲ್ಲಿ ಮನೆಬಾಗಿಲಿಗೆ ಬರುವ ಪುಕ್ಕಟೆ ಬಾಟಲಿ ಬೇಡ.

• ಬಾರಿನಿಂದ ಪಾರ್ಸೆಲ್ ಬೇಡ. ಸಿಎಲ್-9 ಪರವಾನಗಿಯ ಬಾರು ಇರುವುದು ಅಲ್ಲೇ ಕುಳಿತು ಕುಡಿಯುವವರಿಗೆ.

• ಮನೆಯಲ್ಲಿಡಲು ಟೆಟ್ರಾ ಪ್ಯಾಕ್ ಬೇಡ. ಕತ್ತರಿಸಿದ ಮೇಲೆ ಮುಚ್ಚಲು ಬಾರದು. ಉಳಿದದ್ದನ್ನು ಮುಗಿಸಿಯೇ ಏಳುವಂತಾಗುತ್ತದೆ.

• ಮೂರು ಪೂರ್ಣ ಬಾಟಲಿ, ಅಂದರೆ 2.25 ಲೀಟರ್ ದಾಟಿ ಶೇಖರಿಸಬಾರದು. ಅದರಾಚೆ ಅಬಕಾರಿ ಕೇಸಿನ ಗಡಿ ಹತ್ತಿರ.

• ಗಾಢ ಬಣ್ಣ ನೋಡಿ ಹಳೆಯದೆಂದು ನಂಬುವುದು ಬೇಡ. ಬಣ್ಣ ಕ್ಯಾರಮೆಲ್‌ನಿಂದಲೂ ಬರುತ್ತದೆ.

• ‘ಪ್ರೀಮಿಯಂ’, ‘ರೇರ್’, ‘ರಿಸರ್ವ್’ ಎಂಬ ಮಾತಿಗೆ ಹೆಚ್ಚಿನ ದುಡ್ಡು ಕೊಡುವುದು ಬೇಡ.

• ‘ಸ್ಕಾಚ್ ಬೆರೆಸಿದ್ದು’ ಎಂಬುದನ್ನು ಸ್ಕಾಚ್ ಎಂದು ಕೊಳ್ಳಬಾರದು.

• ಸಾಲ ಬರೆಸಿ ಬಾಟಲಿ ತರಬಾರದು.

*ಮನೆಯಲ್ಲಿಡುವಾಗ*

• ಒಲೆ, ಬಚ್ಚಲ ಹಂಡೆ, ಅಗ್ಗಿಷ್ಟಿಕೆ ಬಳಿ ಇಡಬಾರದು. ವಿಸ್ಕಿಯ ಆವಿಗೆ ಬೆಂಕಿ ಹತ್ತುತ್ತದೆ.

• ಬೇರೆ ಬಾಟಲಿಗೆ, ನೀರಿನ ಬಾಟಲಿಗೆ ಬಗ್ಗಿಸಿಡುವುದು ಬೇಡ.

• ಎರಡು ಬ್ರಾಂಡ್‌ಗಳ ಉಳಿಕೆಯನ್ನು ಒಟ್ಟು ಸೇರಿಸುವುದು ಬೇಡ.

• ಹಳತಾದರೆ ರುಚಿ ಹೆಚ್ಚುತ್ತದೆಂದು ಕೂಡಿಡುವುದು ಬೇಡ. ಪೀಪಾಯಿಯಿಂದ ಹೊರಬಂದ ವಿಸ್ಕಿ ಗಾಜಿನೊಳಗೆ ಮಾಗುವುದಿಲ್ಲ.

• ಖಾಲಿ ಬಾಟಲಿಯನ್ನು ಮುಚ್ಚಳ, ಡಬ್ಬಿ ಸಮೇತ ಮಾರಬಾರದು. ನಕಲಿ ತುಂಬುವವರಿಗೆ ಬೇಕಾದದ್ದೇ ಅದು. ಲೇಬಲ್ ಹರಿದು, ಮುಚ್ಚಳ ಜಜ್ಜಿ ಕೊಡಿ.

*ತೋಟದಲ್ಲಿ, ಲೈನ್ ಮನೆಯಲ್ಲಿ*

• ವಿಸ್ಕಿ ಬಾಟಲಿಗೆ ಕಳೆನಾಶಕ, ಕೀಟನಾಶಕ ತುಂಬಿಡಬಾರದು. ಎಂದಿಗೂ ಬಾರದು. ಕತ್ತಲಲ್ಲಿ, ಕರೆಂಟ್ ಹೋದ ರಾತ್ರಿಯಲ್ಲಿ ಕೈ ತಪ್ಪುತ್ತದೆ. ಪ್ಯಾರಾಕ್ವಾಟ್‌ಗೆ ಮದ್ದಿಲ್ಲ, ಒಂದು ಗುಟುಕು ಸಾಕು.

• ಔಷಧಿ ಹೊಡೆಯುವ ದಿನ ಕುಡಿಯುವುದು ಬೇಡ.

• ಮರಗಸಿ ಮಾಡುವವರು, ಮೆಣಸು ಕುಯ್ಯಲು ಏಣಿ ಹತ್ತುವವರು ಹನಿಯನ್ನೂ ಮುಟ್ಟಬಾರದು.

• ಪಲ್ಪರ್, ಕಳೆ ಕತ್ತರಿಸುವ ಯಂತ್ರದ ಬಳಿ ಕುಡಿದು ನಿಲ್ಲಬಾರದು.

• ಕೂಲಿಯ ಬದಲು ಬಾಟಲಿ ಕೊಡಬಾರದು. ಬಟವಾಡೆ ಹಣದಲ್ಲೇ ಆಗಬೇಕೆಂಬುದು ಕಾನೂನು.

• ಬಟವಾಡೆಯ ಸಂಜೆ ಮನೆ ಮುಟ್ಟುವ ಮೊದಲು ಅಂಗಡಿ ಹೊಕ್ಕುವುದು ಬೇಡ.

• ಕುಡಿದು ರಾತ್ರಿ ತೋಟದ ದಾರಿಯಲ್ಲಿ ನಡೆಯಬಾರದು. ಮೂಡಿಗೆರೆ ಕಡೆ ಕಾಡಾನೆಗೆ ಬಲಿಯಾದವರಿದ್ದಾರೆ. ಆನೆಯ ಸದ್ದು ಹಿಡಿಯಲು ಕಿವಿ ಚುರುಕಾಗಿರಬೇಕು.

• ಬಾಟಲಿಯನ್ನು ಗಿಡದ ಬುಡಕ್ಕೆ, ಹಳ್ಳಕ್ಕೆ ಎಸೆಯಬಾರದು. ಒಡೆದ ಗಾಜು ಕುಯ್ಲಿಗೆ ಬರುವವರ ಕಾಲಿಗೆ ಚುಚ್ಚುತ್ತದೆ.

*ಮನೆಮಂದಿಗೆ*

• ಮಕ್ಕಳ ನೆಗಡಿ, ಕೆಮ್ಮಿಗೆ ಒಂದು ಚಮಚವೂ ಕೊಡಬಾರದು. ಚಿಕ್ಕ ಮಕ್ಕಳ ರಕ್ತದ ಸಕ್ಕರೆ ಇಳಿದು ಪ್ರಜ್ಞೆ ತಪ್ಪಬಹುದು.

• ಬಸುರಿಗೆ, ಬಾಣಂತಿಗೆ ಬೇಡ. ಹಿಂದಿನವರು ಕೊಡುತ್ತಿದ್ದರು ಎಂಬ ಮಾತಿಗೆ ಬಗ್ಗುವುದು ಬೇಡ.

• ಚಳಿ ಹೋಗಲೆಂದು ಕುಡಿಯುವುದು ಬೇಡ. ಚರ್ಮ ಬೆಚ್ಚಗಾದಂತೆ ತೋರುತ್ತದೆ; ಒಳಗಿನ ಶಾಖ ಹೊರಗೆ ಹೋಗುತ್ತದೆ.

• ಜ್ವರದಲ್ಲಿ ಕುಡಿಯಬಾರದು. ನಮ್ಮ ಸೀಮೆಯಲ್ಲಿ ಅದು ಇಲಿಜ್ವರವೋ ಮಂಗನ ಕಾಯಿಲೆಯೋ ಆಗಿರಬಹುದು.

• ನಿದ್ರೆ ಮಾತ್ರೆ, ಸಕ್ಕರೆ ಕಾಯಿಲೆಯ ಔಷಧಿ, ಫಿಟ್ಸ್ ಮಾತ್ರೆ, ಪ್ಯಾರಾಸಿಟಮಾಲ್ ಜೊತೆ ಸೇರಿಸಬಾರದು.

• ಮಕ್ಕಳನ್ನು ಬಾಟಲಿ ತರಲು ಅಂಗಡಿಗೆ ಕಳಿಸಬಾರದು.

*ರಸ್ತೆಯಲ್ಲಿ*

• ಕುಡಿದು ಸ್ಟೀರಿಂಗ್, ಹ್ಯಾಂಡಲ್ ಹಿಡಿಯಬಾರದು. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಅಪರಾಧ. ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

• ಚಾರ್ಮಾಡಿ ಘಾಟಿಯಲ್ಲಿ ಗಾಡಿ ನಿಲ್ಲಿಸಿ ಬಾಟಲಿ ತೆರೆಯುವುದು ಬೇಡ. ಮಂಜು, ತಿರುವು, ಜಾರುವ ಅಂಚು ಮೂರೂ ಅಲ್ಲಿವೆ.

• ರಾತ್ರಿ ಕುಡಿದು ನಸುಕಿಗೇ ಜೀಪು ತೆಗೆಯಬಾರದು. ನಿದ್ದೆ ಮಾಡಿದ ಮಾತ್ರಕ್ಕೆ ರಕ್ತ ತಿಳಿಯಾಗುವುದಿಲ್ಲ.

ಕಣ್ಣು ಮಂಜಾದರೆ

ಕುಡಿದ ಕೆಲವು ಗಂಟೆಗಳಿಂದ ಒಂದು ದಿನದೊಳಗೆ ಅಥವಾ ಆಮೇಲೂ ಹೊಟ್ಟೆನೋವು, ವಾಂತಿ, ಏದುಸಿರು, ಕಣ್ಣಮುಂದೆ ಹಿಮ ಸುರಿದಂಥ ಬಿಳುಪು ಕಂಡರೆ ಮೆಥನಾಲ್ ಎಂದೇ ತಿಳಿಯಿರಿ.

ಮಾಡಬೇಕಾದ್ದು:

• 108ಕ್ಕೆ ಕರೆ ಮಾಡಿ.

• ನೆಟ್‌ವರ್ಕ್ ಸಿಗದಿದ್ದರೆ ಸಿಕ್ಕ ಗಾಡಿಯಲ್ಲಿ ಹೊರಡಿ. ಕಳಸ, ಹೊರನಾಡು ಕಡೆಯವರಿಗೆ ದಾರಿ ದೊಡ್ಡದು, ಬೆಳಗಾಗಲೆಂದು ಕಾಯುವಂತಿಲ್ಲ.

• ಪ್ರಜ್ಞೆ ಇಲ್ಲದವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ.

• ಬಾಟಲಿಯನ್ನೂ ಉಳಿದ ಮದ್ಯವನ್ನೂ ಆಸ್ಪತ್ರೆಗೆ ಒಯ್ಯಿರಿ.

• ಎಷ್ಟು ಹೊತ್ತಿಗೆ, ಎಷ್ಟು ಕುಡಿದರೆಂದು ವೈದ್ಯರಿಗೆ ನೇರವಾಗಿ ಹೇಳಿ.

• ಅದೇ ಬಾಟಲಿಯಿಂದ ಕುಡಿದ ಎಲ್ಲರನ್ನೂ ಕರೆದೊಯ್ಯಿರಿ, ಆರಾಮಾಗಿದ್ದರೂ ಸರಿ.

• ಡಯಾಲಿಸಿಸ್ ಇರುವ ಆಸ್ಪತ್ರೆಗೆ ಕಳಿಸಬೇಕೇ ಎಂದು ಕೇಳಿ.

ಮಾಡಬಾರದ್ದು:

• ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಬೇಡ.

• ಮಜ್ಜಿಗೆ, ನಿಂಬೆರಸ ಕುಡಿಸಿ ಮಲಗಿಸುವುದು ಬೇಡ.

• ನಶೆ ಇಳಿಯಲಿ ಎಂದು ಕಾಯುವುದು ಬೇಡ.

• ಮರ್ಯಾದೆಗೆ, ಪೊಲೀಸರಿಗೆ ಅಂಜಿ ಮುಚ್ಚಿಡಬಾರದು.

ಬಿಡಬೇಕೆನ್ನುವವರಿಗೆ

• ದಿನವೂ ಹೆಚ್ಚು ಕುಡಿಯುವವರಲ್ಲದಿದ್ದರೆ ಮನೆಯ ದಾಸ್ತಾನು ಇಂದೇ ಚೆಲ್ಲಿ.

• 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

• ದಿನವೂ ಹೆಚ್ಚು ಕುಡಿಯುತ್ತಿದ್ದವರು ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು. ನಡುಕ, ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಅಪಾಯವಾಗಬಹುದು.

• ಹಾಗೆ ನಿಲ್ಲಿಸಿದವರನ್ನು ಮೊದಲ ವಾರ ಒಬ್ಬರನ್ನೇ ಬಿಡಬಾರದು.