ಹಿತ್ತಲಿಗೆ ಯಾವ ಬೀಜ ಆರಿಸಬೇಕು?



ಈ ಸಂಚಿಕೆಯಲ್ಲಿ ಹಿತ್ತಲ ಕೈತೋಟಕ್ಕೆ ನಾಟಿ ತಳಿಗಳನ್ನೂ ಅಪರೂಪದ ತರಕಾರಿಗಳನ್ನೂ ಆರಿಸಿಕೊಳ್ಳುವ ಬಗೆಯನ್ನು ಹೇಳಬೇಕೆಂದಿದ್ದೇನೆ. ಅದಕ್ಕೆ ಮೊದಲು ನಾನು ಮಾಡಿದ ಒಂದು ತಪ್ಪನ್ನು ಒಪ್ಪಿಕೊಳ್ಳುವುದು ಮೇಲು.

ವ್ಯವಸಾಯ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸದು. ಕನಕಪುರ ರಸ್ತೆಯ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜಿಯ ಹಿತ್ತಲನ್ನು ನೋಡಿದೆ. ಬಚ್ಚಲ ನೀರು ಹರಿಯುವ ಕಡೆ ಏಳೆಂಟು ಬದನೆ ಗಿಡಗಳಿದ್ದವು. ಕಾಯಿ ಗುಂಡಗೆ, ಹಸಿರು ಮೈಮೇಲೆ ಬಿಳಿ ಗೀರು, ತೊಟ್ಟಿನ ತುಂಬ ಮುಳ್ಳು. ಗಿಡಕ್ಕೆ ನಾಲ್ಕೈದು ಕಾಯಿಗಿಂತ ಹೆಚ್ಚು ಕಾಣಲಿಲ್ಲ. ಇದರಿಂದ ಏನು ಲಾಭವೆಂದುಕೊಂಡು ಅವರ ಸೊಸೆಗೆ ಹೈಬ್ರಿಡ್ ಬದನೆಯ ಸಸಿಗಳನ್ನು ಕೊಟ್ಟು, ಅದೇ ಪಾತಿಯ ಪಕ್ಕದಲ್ಲಿ ನೆಡಿಸಿದೆ. ಹೊಸ ಗಿಡ ಚೆನ್ನಾಗಿಯೇ ಕಾಯಿ ಬಿಟ್ಟಿತು. ಅಜ್ಜಿ ಎಂದಿನಂತೆ ತಮ್ಮ ಹಳೆಯ ಗಿಡದ ಹಣ್ಣನ್ನು ಬೀಜಕ್ಕೆ ಬಿಟ್ಟರು. ಮರುವರ್ಷ ಆ ಬೀಜದಿಂದ ಬಂದ ಗಿಡಗಳಲ್ಲಿ ಕೆಲವು ಉದ್ದ ಕಾಯಿ, ಕೆಲವು ನೇರಳೆ, ಕೆಲವು ಮಾತ್ರ ಹಳೆಯದರಂತೆ. ಆ ಹಳೆಯದರಂಥವನ್ನೇ ನಂಬಿ ಇಟ್ಟ ಬೀಜವೂ ಅದರ ಮುಂದಿನ ವರ್ಷ ಕೈಕೊಟ್ಟಿತು.

ಅಜ್ಜಿ ಬೈಯಲಿಲ್ಲ. "ನಿನ್ ಬದ್ನೆಕಾಯಿ ಚೆಂದಾಗೈತೆ ಕಣಪ್ಪ. ನನ್ ಬದ್ನೆಕಾಯಿ ಎಲ್ಲೋಯ್ತು?" ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಕಲಿತದ್ದೇ ಈ ಪಾಠ.

ಸಂತೆಯ ತಳಿ ಬೇರೆ, ಹಿತ್ತಲ ತಳಿ ಬೇರೆ

ಜಯನಗರ, ಬನಶಂಕರಿ, ಸಾರಕ್ಕಿ ಮಾರುಕಟ್ಟೆಗಳಿಗೆ ನೀವು ತರಕಾರಿ ಹಾಕುತ್ತೀರಿ. ಅಲ್ಲಿ ಬೇಕಾದ ಗುಣ ಯಾವುದು? ಕಾಯಿಗಳೆಲ್ಲ ಒಂದೇ ಅಳತೆಯಲ್ಲಿರಬೇಕು, ಒಟ್ಟಿಗೆ ಕೊಯ್ಲಿಗೆ ಬರಬೇಕು, ಗಾಡಿಯಲ್ಲಿ ಕುಲುಕಿದರೆ ಸಿಪ್ಪೆ ಒಡೆಯಬಾರದು. ಮನೆಯ ಹಿತ್ತಲಿಗೆ ಬೇಕಾದುದು ಇದಕ್ಕೆ ಬಹುಮಟ್ಟಿಗೆ ವಿರುದ್ಧ. ಒಂದೇ ದಿನ ಹತ್ತು ಕಿಲೋ ಬದನೆ ಬಂದರೆ ಮನೆಯವರು ಏನು ಮಾಡಬೇಕು? ದಿನಕ್ಕೆ ನಾಲ್ಕು ಕಾಯಿಯಂತೆ ಆರು ತಿಂಗಳು ಬಿಡುವ ಗಿಡವೇ ಮನೆಗೆ ಒಳ್ಳೆಯದು. ಸಿಪ್ಪೆ ತೆಳುವಾಗಿದ್ದರೆ ನಷ್ಟವಿಲ್ಲ, ಬೇಗ ಬೇಯುತ್ತದೆ. ಅಜ್ಜಿಯ ಗಿಡದಲ್ಲಿ ನಾನು ಯಾವುದನ್ನು ದೋಷವೆಂದು ಎಣಿಸಿದೆನೋ ಅದೇ ಅದರ ಗುಣವಾಗಿತ್ತು.

ಹಾಗೆಂದು ಹಳೆಯದೆಲ್ಲ ಒಳ್ಳೆಯದು, ಹೊಸದೆಲ್ಲ ಕೆಟ್ಟದ್ದು ಎಂದು ತಿಳಿಯಬಾರದು. ನಾಟಿ ತಳಿಗೂ ಹುಳು ಬೀಳುತ್ತದೆ, ರೋಗ ಬರುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ಬೆಂಡೆ, ಅರ್ಕಾ ಕೋಮಲ್ ಹುರುಳಿಕಾಯಿ ಮೊದಲಾದವು ಸುಧಾರಿತ ತಳಿಗಳಾದರೂ ಹೈಬ್ರಿಡ್ ಅಲ್ಲ. ಅವುಗಳ ಬೀಜವನ್ನು ನೀವೇ ಇಟ್ಟುಕೊಳ್ಳಬಹುದು. ಅದೇ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೇಟೊ ಹೈಬ್ರಿಡ್. ಅದರ ಹಣ್ಣಿನ ಬೀಜ ಹಾಕಿದರೆ ಗಿಡಗಳು ಒಂದೇ ಸಮನಾಗಿ ಬರುವುದಿಲ್ಲ, ಬೀಜವನ್ನು ಪ್ರತಿಸಲವೂ ಕೊಳ್ಳಬೇಕು. ಹೆಸರೊಂದೇ ಆದರೂ ಬಗೆ ಎರಡು. ಆದುದರಿಂದ ಪೊಟ್ಟಣ ಕೊಳ್ಳುವಾಗ ಇದು ಯಾವ ಬಗೆಯೆಂದು ಕೇಳಿಯೇ ಕೊಳ್ಳಿರಿ.

ಊರು ಉಳಿಸಿಕೊಂಡ ತಳಿ

ಉಡುಪಿಯ ಹತ್ತಿರ ಕಟಪಾಡಿಯ ಬಳಿ ಮಟ್ಟು ಎಂಬ ಊರಿದೆ. ಅಲ್ಲಿಯ ಗುಂಡನೆಯ ತಿಳಿಹಸಿರು ಬದನೆಗೆ ಮಟ್ಟು ಗುಳ್ಳ ಎಂದು ಹೆಸರು. ವಾದಿರಾಜ ಸ್ವಾಮಿಗಳು ಅದರ ಬೀಜವನ್ನು ಕೊಟ್ಟರೆಂದು ಆ ಊರಿನವರ ನಂಬಿಕೆ. ಉಡುಪಿಯ ಅಡಿಗೆಗೆ ಅದೇ ಬೇಕೆಂದು ಜನ ಕೇಳುತ್ತ ಬಂದರು, ಊರಿನವರು ಬೆಳೆಯುತ್ತ ಬಂದರು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಆ ಹೆಸರಿನಿಂದ ಬೇರೆ ಕಡೆಯ ಬದನೆಯನ್ನು ಮಾರುವಂತಿಲ್ಲ. ಇಲ್ಲಿ ಎರಡು ಪಾಠಗಳಿವೆ. ತಿನ್ನುವವರು ಇದ್ದರೆ ತಳಿ ಉಳಿಯುತ್ತದೆ ಎಂಬುದು ಒಂದು. ಕರಾವಳಿಯ ಮರಳು ಮಣ್ಣಿನ ಬದನೆಯನ್ನು ನಮ್ಮ ಕೆಂಪು ಮಣ್ಣಿಗೆ ತಂದರೆ ಅದೇ ರುಚಿಯನ್ನು ನಿರೀಕ್ಷಿಸಲಾಗದು ಎಂಬುದು ಇನ್ನೊಂದು. ದೂರದ ಹೆಸರಾಂತ ಬೀಜಕ್ಕೆ ಓಡಾಡುವ ಮೊದಲು ಪಕ್ಕದ ಊರಿನ ಹಿತ್ತಲನ್ನು ನೋಡುವುದು ಉತ್ತಮ.

ಉಳಿಯದೆ ಹೋದುದಕ್ಕೂ ಉದಾಹರಣೆ ದೂರವಿಲ್ಲ. ಬಿ.ಟಿ.ಎಂ. ಬಡಾವಣೆಯ ಮೂರು ಅಕ್ಷರಗಳು ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಹೆಸರು. ಸಾರಕ್ಕಿ, ಪುಟ್ಟೇನಹಳ್ಳಿ, ಯಡಿಯೂರುಗಳೂ ಕೆರೆಯ ಊರುಗಳೇ. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದ ಮೇಲೆ ಒಂದೊಂದಾಗಿ ಈ ಊರುಗಳ ಹೊಲಗದ್ದೆಗಳು ನಿವೇಶನಗಳಾದವು. ಜಮೀನಿಗೆ ಬೆಲೆ ಕಟ್ಟಿದರು. ಅಟ್ಟದ ಮೇಲಿನ ಬೀಜದ ಮಡಕೆಗೆ ಬೆಲೆ ಕಟ್ಟಿದವರು ಯಾರು? ಪಟ್ಟಣ ಈಗ ನಮ್ಮ ಊರುಗಳ ಕಡೆಗೂ ಬರುತ್ತಿದೆ. ಜಮೀನು ಹೋದರೂ ಹಿತ್ತಲು ಉಳಿದೀತು. ಹಿತ್ತಲು ಉಳಿದರೆ ಬೀಜವೂ ಉಳಿದೀತು.

ಆರಿಸುವ ಮೊದಲು ಐದು ಪ್ರಶ್ನೆ

1. ಮನೆಯವರು ತಿನ್ನುತ್ತಾರೆಯೇ? ನೋಡಲು ಚೆಂದವೆಂದು ಹಾಕಿದ ತರಕಾರಿ ಎರಡನೆಯ ವರ್ಷ ಹಿತ್ತಲಲ್ಲಿ ಇರುವುದಿಲ್ಲ. ಮೊದಲು ಒಂದು ಸಲ ಅಡಿಗೆ ಮಾಡಿ ನೋಡಿ.

2. ಕಾಲಕ್ಕೆ ಒಗ್ಗುತ್ತದೆಯೇ? ಸೊಗಡಿನ ನಾಟಿ ಅವರೆಯನ್ನೇ ನೋಡಿ. ಹಗಲು ಕಿರಿದಾಗುವ ತನಕ ಅದು ಹೂ ಬಿಡುವುದಿಲ್ಲ. ಮುಂಗಾರಿನಲ್ಲಿ ಹಾಕಿದರೆ ಡಿಸೆಂಬರ್, ಜನವರಿಯಲ್ಲಿ ಕಾಯಿ. ಸಂಕ್ರಾಂತಿ ಕಳೆದ ಮೇಲೆ ಹಾಕಿದರೆ ಬರೀ ಸೊಪ್ಪು ಬೆಳೆದು ನಿಮ್ಮನ್ನು ಕಾಯಿಸುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ 3 ಮತ್ತು 4 ಈ ನಿಯಮಕ್ಕೆ ಕಟ್ಟುಬಿದ್ದವಲ್ಲ. ಅವು ವರ್ಷದ ಬೇರೆ ಕಾಲಗಳಲ್ಲೂ ಹೂ ಬಿಡುತ್ತವೆ. ಚಳಿಗಾಲದ ಸೊಗಡು ಬೇಕಾದರೆ ನಾಟಿ ಅವರೆ, ಉಳಿದ ಕಾಲಕ್ಕೆ ಹೆಬ್ಬಾಳದ್ದು. ಒಂದು ಹಿತ್ತಲಲ್ಲಿ ಎರಡಕ್ಕೂ ಜಾಗವಿದೆ.

3. ಜಾಗ ಸಾಲುತ್ತದೆಯೇ? ಸೀಮೆಬದನೆ, ತುಪ್ಪೀರೆ, ಚಪ್ಪರದವರೆಗಳಿಗೆ ಗಟ್ಟಿ ಚಪ್ಪರವೋ ಬೇಲಿಯೋ ಬೇಕು. ಬದನೆ, ಬೆಂಡೆ, ಮೆಣಸಿನಕಾಯಿಗಳಿಗೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ಸ್ವಲ್ಪ ನೆರಳಿದ್ದು ತೇವವಿರುವ ಕಡೆ ಒಂದೆಲಗ, ದೊಡ್ಡಪತ್ರೆ, ಕೆಸವುಗಳನ್ನು ಹಾಕಿಕೊಳ್ಳಿರಿ.

4. ಬೀಜ ಇಡಲು ಬರುತ್ತದೆಯೇ? ಹೈಬ್ರಿಡ್ ಆಗಿದ್ದರೆ ಬರುವುದಿಲ್ಲ.

5. ತಾಯಿ ಗಿಡವನ್ನು ಕಂಡಿದ್ದೀರಾ? ಬೀಜ ಕೊಡುವವರ ಹಿತ್ತಲಿಗೆ ಹೋಗಿ, ಗಿಡ ನೋಡಿ, ಕಾಯಿಯ ರುಚಿ ನೋಡಿ ತನ್ನಿರಿ.

ಅಪರೂಪದ್ದು ಎಂದರೆ ಪರದೇಶದ್ದಾಗಿರಬಾರದೆಂದೇನೂ ಇಲ್ಲ. ಸೀಮೆಬದನೆಯ ಮೂಲ ಮೆಕ್ಸಿಕೊ ಕಡೆ. ಹೆಸರಿನಲ್ಲೇ ಸೀಮೆ ಇದೆ. ಆದರೂ ಬೆಂಗಳೂರಿನ ಹವೆಗೆ ಅದು ಎಷ್ಟು ಒಗ್ಗಿತೆಂದರೆ ತಮಿಳರೂ ತೆಲುಗರೂ ಅದನ್ನು ಬೆಂಗಳೂರು ಬದನೆಯೆಂದೇ ಕರೆಯುತ್ತಾರೆ. ಕರಾವಳಿಯ ಮಂಗಳೂರು ಸೌತೆಯನ್ನು ಹಗ್ಗದಲ್ಲಿ ಕಟ್ಟಿ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಇಂಥವನ್ನು ಪರೀಕ್ಷಿಸಿ ನೋಡಲು ಅಡ್ಡಿಯಿಲ್ಲ. ಆದರೆ ಒಂದು ವರ್ಷಕ್ಕೆ ಎರಡು ಹೊಸ ಬಗೆ ಸಾಕು. ಉಳಿದ ಜಾಗದಲ್ಲಿ ಮನೆಗೆ ನಂಬಿಕೆಯ ತರಕಾರಿ ಇರಲಿ.

ಎರಡು ಎಚ್ಚರಿಕೆ

ಸೋರೆ, ಸೌತೆ, ಹೀರೆಗಳ ಮನೆಬೀಜದಿಂದ ಬೆಳೆದ ಬಳ್ಳಿಯ ಕಾಯಿಯನ್ನು ಅಡಿಗೆಗೆ ಹಾಕುವ ಮೊದಲು ಚೂರೊಂದನ್ನು ನಾಲಗೆಗೆ ತಾಗಿಸಿ ನೋಡಿ. ಕಹಿಯಿದ್ದರೆ ಉಗುಳಿ ಇಡೀ ಕಾಯಿಯನ್ನು ಬಿಸಾಡಿ. ಆ ಕಹಿ ವಿಷ, ಬೇಯಿಸಿದರೂ ಹೋಗುವುದಿಲ್ಲ. ಕಹಿ ಸೋರೆಯ ರಸ ಕುಡಿದು ನಮ್ಮ ದೇಶದಲ್ಲಿ ಪ್ರಾಣ ಕಳೆದುಕೊಂಡವರಿದ್ದಾರೆ. ಅಂಥ ಬಳ್ಳಿಯನ್ನು ಕಿತ್ತುಹಾಕಿ, ಬೀಜಕ್ಕೆ ಬಿಡಲೇಬೇಡಿ.

ಬೇಲಿಸಾಲಿನ ಚಕ್ರಮುನಿ ಸೊಪ್ಪು ಸತ್ವದ ಸೊಪ್ಪೇ. ಆದರೆ 1990ರ ದಶಕದಲ್ಲಿ ತೈವಾನಿನಲ್ಲಿ ಮೈ ಇಳಿಸುವ ಆಸೆಗೆ ಅದರ ಹಸಿ ರಸವನ್ನು ದಿನವೂ ಕುಡಿದ ಅನೇಕರ ಶ್ವಾಸಕೋಶ ಕೆಟ್ಟಿತು. ಬೇಯಿಸಿ, ಹಿತಮಿತವಾಗಿ, ಆಗೊಮ್ಮೆ ಈಗೊಮ್ಮೆ ತಿನ್ನಿರಿ.

ಬೀಜ ಬೆರೆಯದಂತೆ ಕಾಯುವುದು

ಹೂವಿನ ಪುಡಿ ಬೆರೆತರೆ ಈ ವರ್ಷದ ಕಾಯಿ ಕೆಡುವುದಿಲ್ಲ. ಅದರೊಳಗಿನ ಬೀಜ ಬೆರೆತಿರುತ್ತದೆ. ಕೆಟ್ಟದ್ದು ಮರುವರ್ಷ ಕಾಣುತ್ತದೆ. ಅಜ್ಜಿಯ ಹಿತ್ತಲಲ್ಲಿ ಆದದ್ದೂ ಇದೇ.

ಅವರೆ, ಹುರುಳಿಕಾಯಿ, ಅಲಸಂದೆ, ಟೊಮೇಟೊಗಳಲ್ಲಿ ಹೂವು ಬಹುಮಟ್ಟಿಗೆ ತನ್ನ ಪುಡಿಯಿಂದಲೇ ಕಾಯಿ ಕಟ್ಟುತ್ತದೆ. ಎರಡು ಬಗೆಗಳ ನಡುವೆ ಸ್ವಲ್ಪ ದೂರವಿಟ್ಟು, ನಡುವೆ ಬೇರೆ ಗಿಡ ಹಾಕಿದರೆ ಮನೆಯ ಮಟ್ಟಿಗೆ ಸಾಕು. ಹೊಸದಾಗಿ ಬೀಜ ಇಡುವವರು ಇವುಗಳಿಂದಲೇ ಆರಂಭಿಸಿ.

ಬದನೆ, ಬೆಂಡೆ, ಮೆಣಸಿನಕಾಯಿಗಳಿಗೆ ಜೇನುನೊಣ ಬಂದು ಪುಡಿ ಬೆರೆಸುವುದುಂಟು. ಹೂ ಅರಳುವ ಮೊದಲೇ ಮೊಗ್ಗಿಗೆ ತೆಳು ಬಟ್ಟೆಯ ಚೀಲ ಕಟ್ಟಿ, ದಿನಕ್ಕೊಮ್ಮೆ ರೆಂಬೆಯನ್ನು ಮೆಲ್ಲಗೆ ಅಲುಗಿಸಿ. ಕಾಯಿ ನಿಂತ ಮೇಲೆ ಚೀಲ ಬಿಚ್ಚಿ ತೊಟ್ಟಿಗೆ ಕೆಂಪು ದಾರ ಕಟ್ಟಿರಿ. ದಾರ ಕಟ್ಟಿದ ಕಾಯಿ ಅಡಿಗೆಮನೆಗೆ ಹೋಗಬಾರದೆಂದು ಮನೆಮಂದಿಗೆಲ್ಲ ಹೇಳಿರಿ.

ಸೋರೆ, ಹೀರೆ, ಕುಂಬಳಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಮಿಡಿ ಇರುತ್ತದೆ. ಸೋರೆಯ ಪುಡಿ ಹೀರೆಗೆ ಹತ್ತುವುದಿಲ್ಲ. ಸೋರೆಯ ಒಂದು ಬಗೆ ಇನ್ನೊಂದು ಬಗೆಯೊಡನೆ ಬೆರೆಯುತ್ತದೆ. ನಾಳೆ ಅರಳುವಂಥ ಒಂದು ಗಂಡು, ಒಂದು ಹೆಣ್ಣು ಮೊಗ್ಗಿನ ತುದಿಗೆ ಇಂದೇ ದಾರ ಸುತ್ತಿರಿ. ಅರಳುವ ಹೊತ್ತಿಗೆ ಬಿಚ್ಚಿ, ಗಂಡು ಹೂವಿನ ಪುಡಿಯನ್ನು ಹೆಣ್ಣು ಹೂವಿಗೆ ಸವರಿ, ಮತ್ತೆ ಕಟ್ಟಿಬಿಡಿ. ಕುಂಬಳ ಬೆಳಗಿನ ಜಾವ ಅರಳುತ್ತದೆ, ಸೋರೆ ಮತ್ತು ಹೀರೆ ಸಂಜೆ ಅರಳುತ್ತವೆ.

ಬೀಜ ಇಡುವ ಕ್ರಮ

ಮೊದಲ ಕಾಯಿ ಬಾಯಿಗೆ, ಕೊನೆಗೆ ಉಳಿದ ಸೊಟ್ಟ ಕಾಯಿ ಬೀಜಕ್ಕೆ ಎಂಬುದು ಹಲವರ ರೂಢಿ. ಇದು ತಿರುಗುಮುರುಗಾಗಬೇಕು. ರೋಗವಿಲ್ಲದ ಐದಾರು ಗಿಡಗಳನ್ನು ಗುರುತಿಸಿ, ಒಳ್ಳೆಯ ಕಾಯಿಯನ್ನೇ ಬೀಜಕ್ಕೆ ಬಿಡಿ. ಒಂದೇ ಗಿಡದ ಬೀಜವನ್ನು ನಂಬಬಾರದು.

ಬದನೆ ಪೂರ್ತಿ ಹಳದಿಯಾಗಿ ಮಾಗಿದ ಮೇಲೆ ಹಣ್ಣನ್ನು ನೀರಿನಲ್ಲಿ ಕಿವುಚಿ, ತೇಲಿದ ಜೊಳ್ಳನ್ನು ಚೆಲ್ಲಿ, ತಳಕ್ಕೆ ಇಳಿದ ಬೀಜವನ್ನು ತೆಳುವಾಗಿ ಹರಡಿ ಬೇಗ ಒಣಗಿಸಿ. ಉರಿಬಿಸಿಲು ಬೇಡ. ಅವರೆ, ಅಲಸಂದೆಗಳನ್ನು ಗಿಡದಲ್ಲೇ ಒಣಗಿಸಿ ಬಿಡಿಸಿ, ಹಿರಿಯರಂತೆ ಕೆಮ್ಮಣ್ಣು ಕಟ್ಟಿ ಮತ್ತೆ ಒಣಗಿಸಿದರೆ ಹುಳುವಿನ ಕಾಟ ಕಡಿಮೆ. ಬಿಗಿ ಮುಚ್ಚಳದ ಸೀಸೆಯಲ್ಲಿ ತುಂಬಿ, ಹೆಸರು ಮತ್ತು ವರ್ಷ ಬರೆದ ಚೀಟಿ ಅಂಟಿಸಿ, ತಂಪಾದ ಕಡೆ ಇಡಿ. ಬಿತ್ತುವ ಮೊದಲು ಇಪ್ಪತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ನೋಡಿ. ಹದಿನಾಲ್ಕಾದರೂ ಮೊಳೆತರೆ ಬಿತ್ತಬಹುದು.

ಕೊಟ್ಟ ಬೀಜವೇ ಉಳಿಯುವ ಬೀಜ

ಅಜ್ಜಿಯ ಪ್ರಶ್ನೆಗೆ ಉತ್ತರ ದೊರೆತದ್ದು ಹೀಗೆ. ಅವರು ವರ್ಷಗಳ ಹಿಂದೆ ಮಗಳನ್ನು ಬಾಣಂತನ ಮುಗಿಸಿ ಗಂಡನ ಮನೆಗೆ ಕಳಿಸುವಾಗ ಸೀರೆಯ ಸೆರಗಿಗೆ ಒಂದು ಹಿಡಿ ಬೀಜದ ಗಂಟು ಕಟ್ಟಿದ್ದರಂತೆ. ಮಗಳ ಊರಿನ ಹಿತ್ತಲಲ್ಲಿ ಬೇರೆ ಬದನೆಯೇ ಇರಲಿಲ್ಲ. ಅಲ್ಲಿ ಆ ತಳಿ ಹಾಗೆಯೇ ಉಳಿದಿತ್ತು. ನಾನೇ ಹೋಗಿ ಎರಡು ಹಣ್ಣು ತಂದೆ. ಕಳೆದ ವರ್ಷ ಅಜ್ಜಿಯ ಹಿತ್ತಲಲ್ಲಿ ಮತ್ತೆ ಅದೇ ಗೀರಿನ ಕಾಯಿ. ಹೈಬ್ರಿಡ್ ಗಿಡಗಳು ಈಗ ಹೊಲದಲ್ಲಿವೆ, ಮಾರಾಟಕ್ಕೆ. ಅವುಗಳಿಗೂ ನನಗೂ ಈಗ ಜಗಳವಿಲ್ಲ.

ಆದುದರಿಂದ ನಿಮ್ಮಲ್ಲಿರುವ ಅಪರೂಪದ ಬೀಜವನ್ನು ಕನಿಷ್ಠ ಮೂರು ಮನೆಗಳಲ್ಲಿ ಇಡಿ. ಒಂದು ಮನೆಯಲ್ಲಿ ಇಲಿ ತಿಂದೀತು, ಇನ್ನೊಂದರಲ್ಲಿ ಬೆರೆತೀತು, ಮೂರನೆಯದರಲ್ಲಿ ಉಳಿದೀತು. ರೈತರು ತಾವು ಬೆಳೆದ ಬೀಜವನ್ನು ಇಟ್ಟುಕೊಳ್ಳಲು, ಬಿತ್ತಲು, ಹಂಚಲು, ಕಂಪನಿಯ ಗುರುತು ಹಾಕದೆ ಮಾರಲು 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ಅವಕಾಶ ಕೊಟ್ಟಿದೆ. ಸಂಕೋಚ ಬೇಡ.

ಈ ತಿಂಗಳು ಮಾಡಬೇಕಾದ ಕೆಲಸ ಇಷ್ಟು: ನಿಮ್ಮ ಊರಿನ ಹಿರಿಯ ತಾಯಂದಿರಲ್ಲಿ ಯಾರ ಬಳಿ ಯಾವ ಬೀಜವಿದೆ ಎಂದು ಕೇಳಿರಿ. ಒಂದನ್ನು ಆರಿಸಿರಿ. ಅದನ್ನು ಬೆಳೆದು, ದಾರ ಕಟ್ಟಿ, ಬೀಜ ಇಟ್ಟು, ಇಬ್ಬರಿಗೆ ಕೊಡಿರಿ. ನಾನು ನಿಮ್ಮ ಊರಿಗೆ ಬಂದಾಗ ಆ ಕೆಂಪು ದಾರವನ್ನು ತೋರಿಸಿ.