ಎಂಜಿನನ್ನು ಪಳಗಿಸುವ ವಿದ್ಯೆ

ಮೋಟಾರು ಕಾರಿನ ಎಂಜಿನು ಪೂರ್ಣತೆಯನ್ನು ಪಡೆಯುವುದು ಎಲ್ಲಿ? ಕಾರ್ಖಾನೆಯಲ್ಲಿ, ಇಲ್ಲವೆ ದುರಸ್ತಿಗಾರನ ಕೈಯಲ್ಲಿ ಎಂಬ ಉತ್ತರ ಥಟ್ಟನೆ ಹೊಳೆಯುತ್ತದೆ. ಇದು ಅರ್ಧ ಸತ್ಯ ಮಾತ್ರ. ಸಂಪೂರ್ಣವಾಗಿ ಕಳಚಿ, ಸವೆದ ಭಾಗಗಳನ್ನು ಬದಲಿಸಿ, ಮರಳಿ ಜೋಡಿಸಿದ ಎಂಜಿನಿನಲ್ಲಿ ಒಂದು ಕೆಲಸ ಇನ್ನೂ ಬಾಕಿ ಉಳಿದಿರುತ್ತದೆ. ಆ ಕೆಲಸವನ್ನು ಎಂಜಿನೇ ತನ್ನ ಮೊದಲ ಕೆಲವು ಗಂಟೆಗಳ ಓಟದಲ್ಲಿ ಮಾಡಿಕೊಳ್ಳಬೇಕು. ಇದಕ್ಕೆ ಎಂಜಿನನ್ನು ಪಳಗಿಸುವುದು ಎಂದು ಹೆಸರು.

ನಮ್ಮ ಮನೆಗಳಲ್ಲಿ ಹೊಸ ಒರಳುಕಲ್ಲನ್ನು ತಂದ ದಿನವೇ ದೋಸೆಗೆ ಹಿಟ್ಟು ರುಬ್ಬುತ್ತಿರಲಿಲ್ಲ. ಮೊದಲು ತೌಡನ್ನೋ ನೆನೆದ ಅಕ್ಕಿಯನ್ನೋ ರುಬ್ಬಿ, ಕಲ್ಲಿನ ಪುಡಿ ಬೆರೆತ ಆ ಹಿಟ್ಟನ್ನು ಚೆಲ್ಲುತ್ತಿದ್ದರು. ಒರಳಿಗೂ ಗುಂಡಿಗೂ ಹೊಂದಿಕೆ ಬಂದ ಮೇಲೆಯೇ ನಿಜವಾದ ಕೆಲಸ. ಕಲ್ಲು ತೀರ ನುಣುಪಾದರೆ ಅದು ರುಬ್ಬದು. ಉಳಿಯಿಂದ ಮತ್ತೆ ಕಚ್ಚು ಹಾಕಿಸಬೇಕು. ಈ ಎರಡು ಅನುಭವಗಳನ್ನೂ ನೆನಪಿನಲ್ಲಿಟ್ಟುಕೊಂಡರೆ ಮುಂದಿನ ವಿಷಯ ಸುಲಭವಾಗುತ್ತದೆ.

ಟರ್ಬೋಚಾರ್ಜರ್ ಮತ್ತು ಎತ್ತರದ ನಾಡು

ಮೋಟಾರುಪ್ರಿಯರು ಇಂದಿಗೂ ಜತನವಾಗಿ ಉಳಿಸಿಕೊಂಡು ಬಂದಿರುವ ಕಾರುಗಳಲ್ಲಿ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಒಂದು. ಈ ಶತಮಾನದ ಮೊದಲ ದಶಕದಲ್ಲಿ ಅದು ಭಾರತದಲ್ಲಿ ಮಾರಾಟವಾಯಿತು. ಅದರ ಪೆಟ್ರೋಲ್ ಎಂಜಿನಿಗೆ ನಾಲ್ಕು ಸಿಲಿಂಡರುಗಳು. ಒಂದೊಂದರ ಒಳವ್ಯಾಸ ೮೧ ಮಿಲಿಮೀಟರು. ಪಿಸ್ಟನ್ನು ಚಲಿಸುವ ದೂರ ೮೬.೪ ಮಿಲಿಮೀಟರು. ಇವೆರಡರಿಂದ ನಾಲ್ಕು ಸಿಲಿಂಡರುಗಳ ಒಟ್ಟು ಗಾತ್ರ ೧೭೮೧ ಘನ ಸೆಂಟಿಮೀಟರು ಎಂಬುದನ್ನು ವಿದ್ಯಾರ್ಥಿಗಳು ತಾವೇ ಗುಣಿಸಿ ನೋಡಬಹುದು. ಇಂಥ ಒಂದು ಎಂಜಿನನ್ನು ಮಡಿಕೇರಿಯಲ್ಲಿ ಬಿಚ್ಚಿ ಮತ್ತೆ ಕಟ್ಟಲಾಗಿದೆ ಎಂದು ಭಾವಿಸಿ, ಮುಂದಿನ ಲೆಕ್ಕಗಳನ್ನು ಅದಕ್ಕೆ ಅನ್ವಯಿಸೋಣ.

ಎಂಜಿನಿನಿಂದ ಹೊರಬೀಳುವ ಬಿಸಿ ಅನಿಲದಲ್ಲಿ ಸಾಕಷ್ಟು ಶಕ್ತಿ ವ್ಯರ್ಥವಾಗುತ್ತದೆ. ಆ ಅನಿಲದಿಂದ ಒಂದು ಪುಟ್ಟ ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವ ಸಾಧನವೇ ಟರ್ಬೋಚಾರ್ಜರ್. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ೧೯೦೫ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು. ೧೯೧೮ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬಾತನು ವಿಮಾನದ ಎಂಜಿನೊಂದನ್ನು ಕೊಲರಾಡೋದ ಪೈಕ್ಸ್ ಶಿಖರಕ್ಕೆ, ಸುಮಾರು ೪,೩೦೦ ಮೀಟರ್ ಎತ್ತರಕ್ಕೆ ಸಾಗಿಸಿ, ತೆಳುಗಾಳಿಯಲ್ಲಿ ಎಂಜಿನು ಕಳೆದುಕೊಳ್ಳುವ ಬಲವನ್ನು ಟರ್ಬೋಚಾರ್ಜರ್ ಮರಳಿ ಕೊಡಬಲ್ಲುದೆಂದು ತೋರಿಸಿದನು. ಹೀಗೆ ಈ ಸಾಧನಕ್ಕೂ ಬೆಟ್ಟಕ್ಕೂ ನಂಟು ಹಳೆಯದು.

ನಮ್ಮ ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು ೧,೧೫೦ ಮೀಟರ್ ಮೇಲಿದೆ. ಮಂಗಳೂರಿನಲ್ಲಿ ವಾಯುಭಾರ ೧.೦೧ ಬಾರ್ ಇದ್ದರೆ ಮಡಿಕೇರಿಯಲ್ಲಿ ಅದು ಸುಮಾರು ೦.೮೮ ಬಾರ್. ಟರ್ಬೋಚಾರ್ಜರ್ ಎರಡೂ ಕಡೆ ಸಿಲಿಂಡರಿಗೆ ೧.೬ ಬಾರ್ ಒತ್ತಡದ ಗಾಳಿಯನ್ನು ಒದಗಿಸಬೇಕೆಂದು ಇಟ್ಟುಕೊಳ್ಳೋಣ. ಮಂಗಳೂರಿನಲ್ಲಿ ಅದು ಒತ್ತಡವನ್ನು ೧.೫೮ ಪಟ್ಟು ಏರಿಸಿದರೆ ಸಾಕು, ಮಡಿಕೇರಿಯಲ್ಲಿ ೧.೮ ಪಟ್ಟಿಗೂ ಮೀರಿ ಏರಿಸಬೇಕು. ಗಾಳಿಯನ್ನು ಹೆಚ್ಚು ಒತ್ತಿದಷ್ಟೂ ಅದು ಹೆಚ್ಚು ಕಾಯುತ್ತದೆ. ಈ ಸಾಧನದ ದಕ್ಷತೆ ಶೇಕಡ ೭೦ ಎಂದು ಹಿಡಿದರೆ, ಮಂಗಳೂರಿನ ೩೦ ಡಿಗ್ರಿಯ ಗಾಳಿ ಸುಮಾರು ೯೦ ಡಿಗ್ರಿ ಸೆಲ್ಸಿಯಸ್ಸಿಗೂ, ಮಡಿಕೇರಿಯ ೨೦ ಡಿಗ್ರಿಯ ತಂಪುಗಾಳಿ ೯೫ ಡಿಗ್ರಿಗೂ ಮೀರಿ ಏರುತ್ತದೆ. ಬೆಟ್ಟದ ತಂಪಿನಲ್ಲಿ ಎಂಜಿನಿಗೆ ಆಯಾಸವಿಲ್ಲವೆಂಬ ನಂಬಿಕೆ ಟರ್ಬೋ ಎಂಜಿನಿಗೆ ಸಲ್ಲುವುದಿಲ್ಲ. ಇಲ್ಲಿ ಅದರ ಚಕ್ರ ಇನ್ನಷ್ಟು ವೇಗವಾಗಿ ದುಡಿಯುತ್ತಿರುತ್ತದೆ.

ಕೂದಲೆಳೆಯ ಲೆಕ್ಕ

ಇನ್ನು ಮರುಜೋಡಣೆಯ ವಿಷಯ. ಪಿಸ್ಟನ್ನಿನ ಸುತ್ತ ಕೂರುವ ಉಂಗುರಗಳೇ ಉರಿಯುವ ಅನಿಲವನ್ನು ಮೇಲೆ ತಡೆದು, ಕೀಲೆಣ್ಣೆಯನ್ನು ಕೆಳಗೆ ಉಳಿಸುತ್ತವೆ. ಉಂಗುರ ಪೂರ್ಣ ವೃತ್ತವಲ್ಲ. ಅದರ ಎರಡು ತುದಿಗಳ ನಡುವೆ ಕಿರಿದಾದ ಬಿರುಕನ್ನು ಬಿಟ್ಟಿರುತ್ತಾರೆ. ಈ ಬಿರುಕು ಎಷ್ಟಿರಬೇಕು?

೮೧ ಮಿಲಿಮೀಟರ್ ವ್ಯಾಸದ ಉಂಗುರದ ಸುತ್ತಳತೆ ಸುಮಾರು ೨೫೪ ಮಿಲಿಮೀಟರು. ಎರಕದ ಕಬ್ಬಿಣ ಒಂದು ಡಿಗ್ರಿ ಕಾದರೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಹನ್ನೊಂದು ಭಾಗದಷ್ಟು ಹಿಗ್ಗುತ್ತದೆ. ಸಿಲಿಂಡರಿನ ಗೋಡೆಗಿಂತ ಉಂಗುರ ೧೦೦ ಡಿಗ್ರಿ ಹೆಚ್ಚು ಕಾದರೆ ಅದರ ಹೆಚ್ಚುವರಿ ಹಿಗ್ಗುವಿಕೆ ೦.೨೮ ಮಿಲಿಮೀಟರು, ೧೫೦ ಡಿಗ್ರಿ ಹೆಚ್ಚು ಕಾದರೆ ೦.೪೨ ಮಿಲಿಮೀಟರು. ಬಿರುಕು ಇದಕ್ಕಿಂತ ಕಡಮೆಯಾದರೆ ತುದಿಗಳು ಒಂದಕ್ಕೊಂದು ತಾಗಿ, ಉಂಗುರ ಗೋಡೆಯನ್ನು ಗೀಚಿ, ಕೊನೆಗೆ ಪಿಸ್ಟನ್ನನ್ನೇ ಒಡೆಯಬಹುದು. ಟರ್ಬೋ ಎಂಜಿನಿನ ಉಂಗುರಕ್ಕೆ ಸಾಮಾನ್ಯ ಎಂಜಿನಿಗಿಂತ ದೊಡ್ಡ ಬಿರುಕನ್ನು ಬಿಡುವುದು ಈ ಕಾರಣದಿಂದ. ಕೈಪಿಡಿಯ ಅಂಕಿಯನ್ನು ಕಣ್ಣಂದಾಜಿನಿಂದ ಮೀರಬಾರದೆಂಬುದಕ್ಕೆ ಇದೇ ಆಧಾರ.

ಸಿಲಿಂಡರಿನ ಗೋಡೆಯನ್ನು ಕನ್ನಡಿಯಂತೆ ನುಣುಪು ಮಾಡುವುದಿಲ್ಲ. ಸಾಣೆಕಲ್ಲಿನಿಂದ ಅದರ ಮೇಲೆ ಒಂದನ್ನೊಂದು ಹಾಯುವ ಓರೆಗೆರೆಗಳನ್ನು ಮೂಡಿಸುತ್ತಾರೆ. ಗೆರೆಗಳ ನಡುವಣ ಕಣಿವೆಗಳಲ್ಲಿ ಕೀಲೆಣ್ಣೆ ನಿಲ್ಲುತ್ತದೆ. ದಿಣ್ಣೆಗಳ ಚೂಪು ತುದಿಗಳು ಉಂಗುರದ ಮೈಯನ್ನು ಉಜ್ಜಿ, ತಾವೂ ಸವೆದು, ಎರಡನ್ನೂ ಒಂದಕ್ಕೊಂದು ಹೊಂದಿಸುತ್ತವೆ. ಒರಳಿನ ಕಚ್ಚುಗಳಿಗೂ ಇವಕ್ಕೂ ಇರುವ ಸಾಮ್ಯ ಸ್ಪಷ್ಟವಾಗಿದೆ.

ಮೆಲ್ಲನೆ ಓಡಿಸಿದರೆ ಸಾಕೆ?

ಹೊಸದಾಗಿ ಕಟ್ಟಿದ ಎಂಜಿನನ್ನು ಬಹಳ ದಿನ ಮೃದುವಾಗಿ, ಆಯಾಸವಿಲ್ಲದಂತೆ ಓಡಿಸಬೇಕೆಂಬುದು ಬಹುಜನರ ಅಭಿಪ್ರಾಯ. ಇದರಲ್ಲಿ ವೇಗದ ಬಗೆಗಿನ ಎಚ್ಚರಿಕೆ ಸರಿ. ಹೊರೆಯ ಬಗೆಗಿನ ಭಯ ಸರಿಯಲ್ಲ. ಈ ಎರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ಎಷ್ಟೋ ಎಂಜಿನುಗಳು ಕೆಡುತ್ತವೆ.

ಉಂಗುರವನ್ನು ಗೋಡೆಗೆ ಒತ್ತುವ ಬಲಗಳು ಎರಡು. ಒಂದು, ಉಂಗುರದ ಸ್ವಂತ ಸ್ಪ್ರಿಂಗ್ ಗುಣ, ಇದು ಅಲ್ಪ. ಇನ್ನೊಂದು, ಉರಿದ ಅನಿಲದ ಒತ್ತಡ. ಅನಿಲವು ಪಿಸ್ಟನ್ನಿನ ಗಾಡಿಯೊಳಗೆ ನುಗ್ಗಿ, ಉಂಗುರದ ಬೆನ್ನ ಹಿಂದೆ ನಿಂತು, ಅದನ್ನು ಹೊರಕ್ಕೆ ತಳ್ಳುತ್ತದೆ. ಹಗುರ ಹೊರೆಯಲ್ಲಿ ಈ ಒತ್ತಡದ ಗರಿಷ್ಠ ಮಟ್ಟ ಹತ್ತಿಪ್ಪತ್ತು ಬಾರ್ ಇದ್ದರೆ, ಪೂರ್ಣ ಹೊರೆ ಹೊತ್ತ ಟರ್ಬೋ ಎಂಜಿನಿನಲ್ಲಿ ಅದರ ಹಲವು ಪಟ್ಟು ಏರುತ್ತದೆ. ಬ್ರಿಟಿಷ್ ವಿಜ್ಞಾನಿ ಆರ್ಚರ್ಡ್ ೧೯೫೩ರಲ್ಲಿ ಪ್ರಕಟಿಸಿದ ನಿಯಮದಂತೆ, ಉಜ್ಜುವ ಎರಡು ಮೈಗಳ ಸವೆತ ಅವುಗಳನ್ನು ಒತ್ತುವ ಬಲಕ್ಕೂ ಉಜ್ಜಿದ ದೂರಕ್ಕೂ ಅನುಪಾತದಲ್ಲಿರುತ್ತದೆ. ಆದುದರಿಂದ ಸಾಕಷ್ಟು ಒತ್ತಡವಿಲ್ಲದೆ ಉಂಗುರ ಹೊಂದಿಕೊಳ್ಳದು.

ಒತ್ತಡವಿಲ್ಲದೆ ಗಂಟೆಗಟ್ಟಲೆ ಓಡಿಸಿದರೆ, ಇಲ್ಲವೆ ನಿಂತಲ್ಲೇ ಗುರುಗುಡಿಸುತ್ತಿದ್ದರೆ ಏನಾಗುವುದು? ಉಂಗುರವನ್ನು ದಾಟಿದ ಕೀಲೆಣ್ಣೆ ಬಿಸಿ ಗೋಡೆಯ ಮೇಲೆ ಸುಟ್ಟು, ಅರಗಿನಂಥ ಗಟ್ಟಿ ಪದರವಾಗಿ ಕಣಿವೆಗಳನ್ನು ಮುಚ್ಚುತ್ತದೆ. ನುಣುಪಾದ ಒರಳಿನಂತೆ ಗೋಡೆಯು ಉಜ್ಜುವ ಗುಣವನ್ನು ಕಳೆದುಕೊಳ್ಳುತ್ತದೆ. ಆಮೇಲೆ ಎಷ್ಟು ಓಡಿಸಿದರೂ ಫಲವಿಲ್ಲ. ಎಂಜಿನನ್ನು ಮತ್ತೆ ಬಿಚ್ಚಿ ಸಾಣೆ ಹಿಡಿಯಬೇಕು. ಅಂದರೆ ಮಾಲೀಕನ ಹಣವೂ ದುರಸ್ತಿಗಾರನ ವಾರಗಟ್ಟಲೆ ಶ್ರಮವೂ, ಅತಿಯಾದ ಕಾಳಜಿಯಿಂದಲೇ ನಷ್ಟವಾದಂತಾಯಿತು.

ಹಾಗಾದರೆ ಅತಿವೇಗ ಏಕೆ ಕೂಡದು? ಮಿನಿಟಿಗೆ ೩,೦೦೦ ಸುತ್ತುಗಳಲ್ಲಿ ನಮ್ಮ ಎಂಜಿನಿನ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ ೮.೬ ಮೀಟರು, ೬,೦೦೦ದಲ್ಲಿ ಅದರ ಎರಡರಷ್ಟು. ಜಡತ್ವದ ಬಲಗಳಾದರೋ ವೇಗದ ವರ್ಗಕ್ಕೆ ಅನುಗುಣವಾಗಿ ನಾಲ್ಕು ಪಟ್ಟಾಗುತ್ತವೆ. ಇನ್ನೂ ಹೊಂದಿಕೊಳ್ಳದ ಒರಟು ತುದಿಗಳಲ್ಲಿ ಘರ್ಷಣೆಯ ಶಾಖ ಕ್ಷಣಾರ್ಧದಲ್ಲಿ ಹೆಚ್ಚಿ, ಲೋಹ ಲೋಹಕ್ಕೆ ಕಚ್ಚಿಕೊಳ್ಳುವ ಅಪಾಯವಿದೆ. ಆದುದರಿಂದ ಬೇಕಾದುದು ಮಿತವಾದ ವೇಗದಲ್ಲಿ ಬಿಟ್ಟು ಬಿಟ್ಟು ಹೊರಿಸಿದ ಹೊರೆ.

ಘಟ್ಟದ ದಾರಿಯೇ ಪ್ರಯೋಗಶಾಲೆ

ಸಂಪಾಜೆಯಿಂದ ಮಡಿಕೇರಿಗೆ ಬರುವ ಹೆದ್ದಾರಿ ಸುಮಾರು ೨೫ ಕಿಲೋಮೀಟರಿನಲ್ಲಿ ೧,೦೦೦ ಮೀಟರಿನಷ್ಟು ಏರುತ್ತದೆ. ಪ್ರಯಾಣಿಕರೂ ಸೇರಿ ೧,೫೦೦ ಕಿಲೋಗ್ರಾಂ ತೂಗುವ ಕಾರು ಗಂಟೆಗೆ ೪೦ ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆ ಎನ್ನೋಣ. ಸಮತಟ್ಟು ದಾರಿಯಲ್ಲಿ ಟಯರುಗಳ ಮತ್ತು ಗಾಳಿಯ ತಡೆ ಒಟ್ಟು ೨೨೫ ನ್ಯೂಟನ್ ಎಂದು ಅಂದಾಜಿಸಿದರೆ, ಬೇಕಾಗುವ ಸಾಮರ್ಥ್ಯ ೨.೫ ಕಿಲೋವಾಟ್ ಮಾತ್ರ. ನೂರು ಮೀಟರಿಗೆ ೬ ಮೀಟರ್ ಏರುವ ಕಡೆ ಭೂಮಿಯ ಸೆಳೆತವೇ ಇನ್ನೂ ೮೮೦ ನ್ಯೂಟನ್ ತಡೆಯೊಡ್ಡುತ್ತದೆ. ಬೇಕಾಗುವ ಸಾಮರ್ಥ್ಯ ೧೨ ಕಿಲೋವಾಟನ್ನು ದಾಟುತ್ತದೆ. ಗೇರು ಅದೇ, ಸುತ್ತುಗಳ ವೇಗ ಅದೇ. ಹೊರೆ ಮಾತ್ರ ಐದು ಪಟ್ಟು. ಉಂಗುರಗಳಿಗೆ ಬೇಕಾದುದು ಇದೇ.

ಇಳಿಜಾರಿಗೂ ಉಪಯೋಗವುಂಟು. ಕೆಳಗಿನ ಗೇರಿನಲ್ಲಿ, ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಯುವಾಗ ಸಿಲಿಂಡರಿನೊಳಗೆ ಒತ್ತಡ ಕುಗ್ಗಿ, ಕೀಲೆಣ್ಣೆ ಸ್ವಲ್ಪ ಮೇಲಕ್ಕೆ ಸೆಳೆಯಲ್ಪಡುತ್ತದೆ. ಅದು ಗೋಡೆಯನ್ನು ತಂಪುಗೊಳಿಸಿ, ಉಜ್ಜಿ ಉದುರಿದ ಲೋಹದ ಪುಡಿಯನ್ನು ತೊಳೆಯುತ್ತದೆ. ಏರುವಾಗ ಉಜ್ಜಿಕೆ, ಇಳಿಯುವಾಗ ತೊಳೆತ. ಬಯಲು ದಾರಿಯಲ್ಲಿ ಈ ಸರದಿಯನ್ನು ಪ್ರಯತ್ನಪೂರ್ವಕವಾಗಿ ಮಾಡಬೇಕಾಗುತ್ತದೆ.

ಆದರೆ ಸಾರ್ವಜನಿಕ ರಸ್ತೆ ಪಂದ್ಯದ ಅಂಗಳವಲ್ಲ. ಮೇಲಿನ ಲೆಕ್ಕಕ್ಕೆ ನಲವತ್ತು ಕಿಲೋಮೀಟರಿನ ವೇಗವೇ ಸಾಕಾಯಿತೆಂಬುದನ್ನು ಗಮನಿಸಬೇಕು. ಮಳೆಗಾಲದಲ್ಲಿ, ಮಂಜು ಕವಿದಾಗ ಈ ಕೆಲಸಕ್ಕೆ ಹೊರಡಲಾಗದು. ೨೦೧೮ರ ಆಗಸ್ಟಿನ ಮಹಾಮಳೆಯಲ್ಲಿ ಗುಡ್ಡಗಳು ಕುಸಿದು ಇದೇ ದಾರಿಯಲ್ಲಿ ಸಂಚಾರ ನಿಂತಿತ್ತು. ಒಣ ಹವೆಯ ತಿಂಗಳುಗಳೇ ಯೋಗ್ಯ.

ಟರ್ಬೋ ಎಂಜಿನಿನ ವಿಶೇಷಗಳು

ಟರ್ಬೋಚಾರ್ಜರಿನ ಅಚ್ಚು ಮಿನಿಟಿಗೆ ಒಂದು ಲಕ್ಷಕ್ಕೂ ಮೀರಿ ಸುತ್ತಬಲ್ಲುದು. ಅದನ್ನು ಹೊತ್ತಿರುವುದು ಕೀಲೆಣ್ಣೆಯ ತೆಳುಪದರ. ಜೋಡಿಸಿದ ಎಂಜಿನನ್ನು ಮೊದಲ ಸಲ ಚಾಲೂ ಮಾಡುವ ಮುನ್ನ ಟರ್ಬೋಚಾರ್ಜರಿಗೆ ಎಣ್ಣೆ ತುಂಬಿ, ಕಿಡಿ ಮತ್ತು ಇಂಧನಗಳನ್ನು ತಡೆದು, ಎಣ್ಣೆಯ ಒತ್ತಡ ಕಾಣುವ ತನಕ ಎಂಜಿನನ್ನು ಬರಿದೆ ತಿರುಗಿಸಬೇಕು. ಅಂತೆಯೇ ಘಟ್ಟ ಹತ್ತಿ ಬಂದೊಡನೆ ಎಂಜಿನನ್ನು ನಿಲ್ಲಿಸಬಾರದು. ನಿಲ್ಲಿಸಿದರೆ ಎಣ್ಣೆಯ ಹರಿವು ನಿಂತು, ಕಾದ ಚಕ್ರದ ಶಾಖ ಬೇರಿಂಗಿನ ಎಣ್ಣೆಯನ್ನು ಕರಕು ಮಾಡುತ್ತದೆ. ಒಂದೆರಡು ಮಿನಿಟು ಹಗುರವಾಗಿ ಓಡಲು ಬಿಟ್ಟರೆ ಈ ಕೇಡು ತಪ್ಪುತ್ತದೆ.

ಇನ್ನೊಂದು ಸೂಕ್ಷ್ಮವುಂಟು. ಟರ್ಬೋಚಾರ್ಜರಿನಿಂದ ಎಣ್ಣೆ ತನ್ನ ಭಾರದಿಂದಲೇ ಎಂಜಿನಿನ ಕೆಳಪೆಟ್ಟಿಗೆಗೆ ಇಳಿಯಬೇಕು. ಉಂಗುರಗಳು ಹೊಂದಿಕೊಳ್ಳದಿದ್ದರೆ ಅನಿಲ ಸೋರಿ ಆ ಪೆಟ್ಟಿಗೆಯಲ್ಲಿ ಒತ್ತಡ ಏರುತ್ತದೆ; ಎಣ್ಣೆ ಇಳಿಯಲಾರದೆ ಟರ್ಬೋಚಾರ್ಜರಿನ ತಡೆಗಳನ್ನು ದಾಟಿ, ನೀಲಿ ಹೊಗೆಯಾಗಿ ಹೊರಬೀಳುತ್ತದೆ. ದೋಷ ಟರ್ಬೋಚಾರ್ಜರಿನದೆಂದು ಅದನ್ನೇ ಬದಲಿಸಿದರೂ ಹೊಗೆ ನಿಲ್ಲದು.

ಸಿಲಿಂಡರಿನ ಒತ್ತಡವನ್ನು ಅಳೆಯುವಾಗಲೂ ಕೊಡಗಿನ ಎತ್ತರವನ್ನು ಮರೆಯಬಾರದು. ಮಂಗಳೂರಿನಲ್ಲಿ ಮಾಪಕವು ೧೨ ಬಾರ್ ತೋರಿಸಿದ ಎಂಜಿನೇ ಮಡಿಕೇರಿಯಲ್ಲಿ ಸುಮಾರು ೧೦.೪ ಬಾರ್ ತೋರಿಸುತ್ತದೆ. ಒತ್ತಲು ಸಿಕ್ಕ ಗಾಳಿಯೇ ತೆಳುವಾದುದರಿಂದ ಹೀಗಾಗುವುದು, ಎಂಜಿನು ಸವೆದುದರಿಂದಲ್ಲ. ನಾಲ್ಕು ಸಿಲಿಂಡರುಗಳ ಅಂಕಿಗಳು ಒಂದಕ್ಕೊಂದು ಎಷ್ಟು ಸಮೀಪವಿವೆ ಎಂಬುದೇ ಇಲ್ಲಿ ಮುಖ್ಯ.

ಫಲಿತಾಂಶವನ್ನು ಅರಿಯುವ ಬಗೆ

ಮೊದಲ ಕೀಲೆಣ್ಣೆ ಒರಳಿನ ಮೊದಲ ಹಿಟ್ಟಿದ್ದಂತೆ. ಅದರಲ್ಲಿ ಲೋಹದ ಪುಡಿ ಬೆರೆತಿರುತ್ತದೆ. ಬೇಗನೆ ಅದನ್ನು ತೆಗೆದು ಸೋಸುಕದೊಡನೆ ಬದಲಿಸಬೇಕು. ಹಳೆಯ ಸೋಸುಕವನ್ನು ಕತ್ತರಿಸಿ ನೋಡಿದರೆ ಬೂದಿಯಂಥ ನಯವಾದ ಪುಡಿ ಕಾಣುವುದು ಸಹಜ. ಹೊಳೆಯುವ ಚೂರುಗಳು ಕಂಡರೆ ಅದು ಅಪಾಯದ ಸೂಚನೆ.

ಆ ಬಳಿಕ ಪ್ರತಿ ೨೫೦ ಕಿಲೋಮೀಟರಿಗೊಮ್ಮೆ, ಎಂಜಿನು ತಣಿದಿರುವಾಗ, ಸಮತಟ್ಟು ನೆಲದ ಮೇಲೆ ಎಣ್ಣೆಯ ಮಟ್ಟವನ್ನು ಅಳೆದು ಬರೆದಿಡಬೇಕು. ದೂರವನ್ನು ಅಡ್ಡಲಾಗಿಯೂ ಖರ್ಚಾದ ಒಟ್ಟು ಎಣ್ಣೆಯನ್ನು ಉದ್ದಕ್ಕೂ ಗುರುತಿಸಿ ನಕ್ಷೆ ಎಳೆದರೆ, ಮೊದಲು ಏರುವ ಗೆರೆ ಕ್ರಮೇಣ ಬಾಗಿ ಅಡ್ಡವಾಗಿ ಮಲಗುತ್ತ ಬರಬೇಕು. ಹಾಗೆ ಮಲಗಿತೆಂದರೆ ಉಂಗುರಗಳು ಹೊಂದಿಕೊಂಡವೆಂದು ತಿಳಿಯಬಹುದು. ಒಂದೇ ಸಮನೆ ಏರುತ್ತಲೇ ಹೋದರೆ ಕೆಲಸ ಕೆಟ್ಟಿದೆ. ಎಂಜಿನಿನ ಒಳಗನ್ನು ಬಿಚ್ಚದೆಯೇ ಓದಲು ಒಂದು ಅಳತೆ ಕಡ್ಡಿ, ಒಂದು ಚೌಕಳಿ ಕಾಗದ, ಸ್ವಲ್ಪ ತಾಳ್ಮೆ, ಇಷ್ಟು ಸಾಕು. ಮನೆಯಲ್ಲಿ ಕಾರೋ ಜೀಪೋ ಇರುವ ಯಾವ ವಿದ್ಯಾರ್ಥಿಯೂ ಇದನ್ನು ಇಂದೇ ಆರಂಭಿಸಬಹುದು.